ಹೇಳಿದ್ದು ಅರವತ್ತೈದು

ಹನ್ನೊಂದು ತಿಂಗಳು ಕಾದೆ.
ಹಾಸನದ ಬಿ.ಎಂ. ರಸ್ತೆಯ ಶೋರೂಮಿನ ಗಾಜಿಗೆ
ಸೋಮವಾರ ಸೋಮವಾರ ಮೂಗು ಒತ್ತಿ ನಿಂತವನು
ಹುಡುಗನಲ್ಲ, ನಲವತ್ತಾರರ ನಾನು,
ದನದಾಸ್ಪತ್ರೆಯ ಸೂಜಿ ಡಾಕ್ಟ್ರು.
ಡಾಕ್ಟ್ರಲ್ಲ. ಜನ ಕರೆಯುತ್ತಾರೆ ಹಾಗೆ.

ಹಳೇ ಸ್ಕೂಟರು ಕೊಟ್ಟು, ಮೇಲೆ ಸೊಸೈಟಿ ಸಾಲ ಇಟ್ಟು,
ಚಕ್ರದಡಿ ನಿಂಬೆಹಣ್ಣು ಹಿಚುಕಿಸಿ ತಂದೆ.

ಕ್ಯಾಲೆಂಡರಿನ ಚಿತ್ರದಲ್ಲಿ ಅದರ ಮೇಲೆ ಕೂತವನಿಗೆ
ಬೆನ್ನಿಗೆ ಬೆಟ್ಟ, ಮುಂದೆ ಖಾಲಿ ರಸ್ತೆ,
ಹಿಂದಿನ ಸೀಟಿನಲ್ಲಿ ಬರೀ ಗಾಳಿ.
ನನ್ನ ಹಿಂದೆ ಕೂರುವುದು ಸಾರಜನಕದ ಕ್ಯಾನು.
ಸೈಕಲ್ ಟ್ಯೂಬಿನಲ್ಲಿ ಬಿಗಿದು ಕಟ್ಟಿದ್ದೇನೆ,
ಒಳಗೆ ಎಪ್ಪತ್ತು ಹೋರಿಗಳು
ಹೊಗೆಯಾಡುವ ಚಳಿಯಲ್ಲಿ ನಿದ್ದೆಹೋಗಿವೆ.

ಮೊದಲ ವಾರ ನಾಯಿಗಳೂ ಬೊಗಳಲಿಲ್ಲ,
ಸದ್ದಿನ ಗುರುತು ಹತ್ತದೆ.
ಎರಡನೇ ವಾರ ಸೀಗೆಗುಡ್ಡದ ಏರಿನಲ್ಲಿ
ಮೂರರಿಂದ ಎರಡು, ಎರಡರಿಂದ ಒಂದು,
ಒಂದರಿಂದ ನನ್ನ ಕಾಲು.
ತಳ್ಳಿದೆ.
ಕುರಿ ಬಿಟ್ಟುಕೊಂಡು ಬಂದ ಹುಡುಗ ಕೇಳಿದ:
"ಹೊಸದಾ ಅಣ್ಣ?"
ಹ್ಞೂಂ ಅಂದೆ.
ಆ ಹ್ಞೂಂ ಇನ್ನೂ ಗಂಟಲಲ್ಲೇ ಇದೆ.

ಲೀಟರಿಗೆ ಅರವತ್ತೈದು ಅಂದಿದ್ದರು.
ಮೂವತ್ತೆಂಟು. ಅದೂ ಇಳಿಜಾರು ಜಾಸ್ತಿಯಿದ್ದ ದಿನ.
ಕನ್ನಡಿಯೊಳಗೆ ಲೋಕವೆಲ್ಲ ನಡುಗುತ್ತದೆ,
ಹಿಂದಿನ ಒಂದು ಲಾರಿ ಮೂರಾಗಿ ಬರುತ್ತದೆ.
ಬೆಳಿಗ್ಗೆ ಬೆದೆಗೆ ಕೂಗಿದ ಹಸುವಿಗೆ
ಸಂಜೆಯೊಳಗೆ ಮುಟ್ಟಬೇಕು ನಾನು.
ಬೆದೆಗೆ ಏನು ಗೊತ್ತು ಕಾರ್ಬೊರೇಟರಿನ ಕಷ್ಟ.

ಪೆನ್ಷನ್ ಮೊಹಲ್ಲಾದ ಇಲಿಯಾಸ್ ಬಿಚ್ಚಿದ,
ಟೀ ಕುಡಿದ, ಕೂಡಿಸಿದ, ಮತ್ತೆ ಬಿಚ್ಚಿ ಹೇಳಿದ:
"ಗಾಡಿ ಪಾಪ ಏನೂ ಮಾತಾಡಿಲ್ಲ ಸಾರ್,
ಮಾತಾಡಿದ್ದೆಲ್ಲ ಕಾಗದ."
ಅವನ ಗೋಡೆಗೆ ಒರಗಿ ಅದರ ಒಡಹುಟ್ಟಿದವು ಇನ್ನೂ ಮೂರು.
ಒಂದು ಬ್ಯಾಂಕಿನ ಅಟೆಂಡರನದು,
ಒಂದು ಡ್ರಾಯಿಂಗ್ ಮೇಷ್ಟ್ರದು,
ಇನ್ನೊಂದು ವರೋಪಚಾರಕ್ಕೆ ಬಂದದ್ದು;
ಅಳಿಯ ಅದನ್ನು ಮಾವನ ಬಾಗಿಲಲ್ಲಿ ನಿಲ್ಲಿಸಿ
ಬಸ್ಸು ಹತ್ತಿದನಂತೆ.
ನಾವು ಒಡೆಯರು ಅಲ್ಲಿ ಎದುರಾದರೆ
ಮಳೆಯ ವಿಷಯ ಮಾತಾಡುತ್ತೇವೆ.

ಕಂಪನಿಗೆ ಇನ್‌ಲ್ಯಾಂಡ್ ಪತ್ರ ಬರೆದೆ, ಮಡಿಕೆ ತುದಿಯವರೆಗೂ.
ಉತ್ತರ ಬಂತು: ಬರುವ ವರ್ಷದ ಕ್ಯಾಲೆಂಡರು.

ಆಮೇಲೊಂದು ಸಂಜೆ, ತಡವಾಗಿಯೇ,
ಕಟ್ಟಾಯದ ಕಡೆ ನಿಂಗಾಜಮ್ಮನ ಕೊಟ್ಟಿಗೆ.
ಲಾಟೀನು ಎತ್ತಿದಳು. ಕಪ್ಪುಬಿಳಿ ಹಸು,
ಎಲ್ಲೋ ಕಂಡ ಮುಖ.
"ಗುರ್ತ ಸಿಗ್ಲಿಲ್ವಾ? ನೀವೇ ಹಾಕಿದ ಸೂಜೀದು.
ಪುಸ್ತಕ ತೆಗ್ದು ಹೋರಿ ಚಿತ್ರ ತೋರಿಸಿದ್ರಿ,
ಹೋರಿಯವ್ವ ಇಪ್ಪತ್ತೆರಡು ಲೀಟ್ರು ಅಂತ
ಬೆರಳಿಟ್ಟು ಓದಿದ್ರಿ."
"ಇದು ಎಷ್ಟು ಕೊಡುತ್ತೆ?" ಅಂದೆ.
ಆ ದನಿ ನನ್ನದಲ್ಲ, ಶೋರೂಮಿನ ಹುಡುಗನದು,
ಟೈ ಕಟ್ಟಿದ್ದು.
"ಆರು. ಹಸಿಹುಲ್ಲು ಇದ್ದರೆ ಏಳು."

ಹಸು ಕತ್ತು ಚಾಚಿ ಅವಳ ಮೊಣಕೈ ನೆಕ್ಕಿತು.
ನಾನು ಚೀಲದೊಳಗಿನ ಪುಸ್ತಕವನ್ನು
ಇನ್ನಷ್ಟು ಕೆಳಕ್ಕೆ ತಳ್ಳಿದೆ, ಟವಲಿನಡಿ.
"ಒಂದು ಸಲಾನೂ ಬೈಲಿಲ್ಲವಲ್ಲಮ್ಮ ನೀನು?"
"ಯಾರ್ನ ಬೈಲಿ? ಹಸೂನಾ?
ಅದಕ್ಕೆ ಓದಾಕೆ ಬರ್ತದಾ?"

ಕೆಲಸ ಮುಗಿಸಿ ಕೈ ತೊಳೆದೆ.
ಈ ಸಲ ಯಾವ ಹೋರಿ ಅಂತ ಅವಳು ಕೇಳಲಿಲ್ಲ,
ನಾನು ಹೇಳಲಿಲ್ಲ.

ಹೊರಗೆ ಗಾಡಿ ಹನ್ನೆರಡು ಒದೆಗೂ ಕೆಮ್ಮಿತು, ಅಷ್ಟೆ.
ನಿಂಗಾಜಮ್ಮ ಲಾಟೀನು ಕೆಳಗಿಟ್ಟು
ಸೀರೆ ಎತ್ತಿ ಕಟ್ಟಿ ಹಿಂದಿನಿಂದ ತಳ್ಳಿದಳು,
ಒಂದು ಕೈ ಕ್ಯಾನಿನ ಮೇಲೆ, ಮಲಗಿದ ಹೋರಿಗಳ ಮೇಲೆ.
"ಎಷ್ಟು ಕೊಡ್ತದೆ ಇದು?"
"ಮೂವತ್ತೆಂಟು," ಅಂದೆ.
ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ, ಮನೆಯವಳಿಗೂ.

"ಸಾಕಲ್ಲ," ಅಂದಳು ಏದುಸಿರಿನಲ್ಲಿ.
ಗಾಡಿ ಇನ್ನೂ ಶುರುವಾಗಿರಲಿಲ್ಲ.