ಬರಿಗಾಡಿ ತೂಕ

ಮಂಡ್ಯದ ಹೊರಗೊಂದು ಸಕ್ಕರೆ ಕಾರ್ಖಾನೆಯ ತೂಕದ ಕಟ್ಟೆಯಲ್ಲಿ
ಮೂವತ್ತೊಂದು ವರ್ಷ ಕೂತ ನಮ್ಮಪ್ಪ ಇನ್ನಾಸಪ್ಪ
ನನಗೆ ಕಲಿಸಿದ ಲೆಕ್ಕ ಒಂದೇ:
ತುಂಬಿದ ಗಾಡಿ ಮೊದಲು, ಬರಿಗಾಡಿ ಆಮೇಲೆ,
ಕಳೆದು ಉಳಿದದ್ದಕ್ಕಷ್ಟೇ ಚೀಟಿ.
ಅಚ್ಚಿಗೆ ಮೆತ್ತಿದ ಎರೆಮಣ್ಣಿಗೆ ಕಾಸಿಲ್ಲ,
ರಾತ್ರಿಯೆಲ್ಲ ಸಾಲಿನಲ್ಲಿ ತೂಕಡಿಸಿದವನ ನಿದ್ದೆಗೆ
ತೂಕವಿಲ್ಲ.

ಮನೆಗೆ ಬಂದರೂ ತಕ್ಕಡಿ ಇಳಿಯುತ್ತಿರಲಿಲ್ಲ ಹೆಗಲಿಂದ.
ಸಂಜೆ ಏಳಕ್ಕೆ ಜಪಸರ. ನಮಗೆಲ್ಲ ಒಂದು, ಅವನಿಗೆ ಮೂರು,
ತಪಸ್ಸುಕಾಲ ಬಂದರೆ ಐದು.
ಮುಗಿಸಿ, ಬೆಲ್ಲದ ಮಂಡಿಯವರು ಕೊಟ್ಟ ಹಳೇ ಡೈರಿಯಲ್ಲಿ
ಏನೋ ಗೀಚಿ, ಪೆಟ್ಟಿಗೆಗೆ ಬೀಗ.
ಅವ್ವ ಒಮ್ಮೆ ನಕ್ಕಿದ್ದಳು:
"ದೇವ್ರಿಗೂ ಚೀಟಿ ಹರ್ದು ಕೊಡ್ತೀಯಾ?"
ಅವನು ನಗಲಿಲ್ಲ.

ಲಕ್ವ ಹೊಡೆದದ್ದು ಒಂದು ಬುಧವಾರ, ಹಲ್ಲುಜ್ಜುವಾಗ.
ಬಲಗೈ, ಬಲಗಾಲು, ಅರ್ಧ ಬಾಯಿ.
ಆಸ್ಪತ್ರೆಗೆ ಬೇಕಾದ ಕಾರ್ಡು ಹುಡುಕುತ್ತ ಪೆಟ್ಟಿಗೆ ಒಡೆದೆ.
ಡೈರಿಯ ಮೊದಲ ಪುಟ:
"ಕೊಪ್ಪದ ಬೊಮ್ಮಯ್ಯನ ಗಾಡಿ. ಬರಿಗಾಡಿ ತೂಗುವಾಗ
ಮೇಸ್ತ್ರಿ ಕಣ್ಣು ಮಾಡಿದ.
ಕಟ್ಟೆಯ ಅಂಚಿಗೆ ನನ್ನ ಎಡಗಾಲು ಇಟ್ಟೆ.
ನಲವತ್ತು ಕೆ.ಜಿ."
ಅಷ್ಟೇ. ಅಲ್ಲಿಂದ ಇಪ್ಪತ್ತೆರಡು ವರ್ಷ
ಬರೀ ಜಪಸರಗಳ ಗೀಟು, ಐದಕ್ಕೊಂದು ಅಡ್ಡಗೀಟು.
ಎಲ್ಲಿಯೂ ಮೊತ್ತ ಹಾಕಿಲ್ಲ.
ಹೇಗೆ ಹಾಕಿಯಾನು, ಪಾಪ.
ಎಷ್ಟು ನಮೋ ಮರಿಯಾ ಕೂಡಿಸಿದರೆ ಒಂದು ಜಲ್ಲೆ ಕಬ್ಬು?

ಕೇಳಿದವರು ಅಂದಾರು, ನೋಡು, ಇಟ್ಟ ಕಾಲೇ ಬಿತ್ತು ಎಂದು.
ಅಲ್ಲ ಸ್ವಾಮಿ. ಇಟ್ಟದ್ದು ಎಡ, ಬಿದ್ದದ್ದು ಬಲ.
ಆ ಥರದ ಲೆಕ್ಕ ನಮ್ಮ ಬೀದಿ ಇಡುತ್ತದೆ.

ಈಗ ಮಣಿ ಹಿಡಿಯಲು ಬೆರಳಿಲ್ಲ. ತುಟಿ ಮಾತ್ರ ಹೊರಡುತ್ತದೆ:
"ನಮೋ ಮರಿಯಾ, ವರ... ವರ..."
"ಪ್ರಸಾದ" ಬರುವುದಿಲ್ಲ.
ಗೆಣ್ಣು ಸಿಕ್ಕಿಕೊಂಡ ಗಾಣದಂತೆ ಅಲ್ಲೇ ನಿಲ್ಲುತ್ತಾನೆ,
ಎಡಗಣ್ಣು ಮೊದಲು ತುಂಬುತ್ತದೆ.
ನೋಡಲು ಬಂದ ಜ್ಞಾನಮ್ಮತ್ತೆ
"ವಿಶ್ವಾಸ ಸಾಲ್ದು ಕಣವ್ವ, ಇನ್ನೊಂದು ಹರಕೆ ಹೊತ್ಕೊಳ್ಳಿ" ಅಂದಳು.
ಮತ್ತೆ ತೂಕ.
ವಿಶ್ವಾಸವೂ ನಾವೇ ಬೆಳೆದು, ಕಡಿದು,
ಹೇರಿಕೊಂಡು ಹೋಗಬೇಕಾದ ಸರಕೇ ಅತ್ತೆ?
ಕೇಳಲಿಲ್ಲ. ಕಾಫಿ ಕೊಟ್ಟೆ.

ಮೊದಲ ಶುಕ್ರವಾರ ಗುರುಗಳು ಸ್ಕೂಟರಿನಲ್ಲಿ ಬಂದರು,
ಎದೆಗೆ ನೇತುಬಿದ್ದ ಪುಟ್ಟ ಡಬ್ಬಿಯಲ್ಲಿ ಪರಮಪ್ರಸಾದ.
"ಕ್ರಿಸ್ತರ ಶರೀರ" ಎಂದರು.
ಆಮೆನ್ ಅನ್ನಬೇಕಾದವನು "ವರ" ಎಂದ.
ನನಗೆ ನಾಚಿಕೆ. ಗುರುಗಳು ಕಾದರು, ತಿದ್ದಲಿಲ್ಲ.
ಸೊಟ್ಟ ನಾಲಗೆಯ ಮೇಲೆ ಒಂದು ಚೂರು ಅಪ್ಪ ಇಟ್ಟರು,
ನಾನು ಹಿಂದೆಯೇ ಒಂದು ಚಮಚ ನೀರು.
ಈಸಲು ಹುಳದ ರೆಕ್ಕೆಯಷ್ಟೂ ಭಾರವಿರಲಿಲ್ಲ ಅದು.
ನುಂಗಿದ.
ವರ ಅವನಂದದ್ದು. ಪ್ರಸಾದ ತಾನಾಗಿ ಬಂದಿತ್ತು,
ಸ್ಕೂಟರ್ ಹತ್ತಿ.

ಅಂದು ಸಂಜೆ ಒಗೆದ ಬಟ್ಟೆ ಮಡಿಸುತ್ತ ಅಂದುಕೊಂಡೆ:
ವಿಶ್ವಾಸ ಬರಿಗಾಡಿ ಇರಬಹುದು.
ಕಬ್ಬೆಲ್ಲ ಇಳಿಸಿ, ತೋರಿಸಲು ಏನೂ ಇಲ್ಲದೆ
ಗಡಗಡ ಸದ್ದು ಮಾಡುತ್ತ ಕಟ್ಟೆಗೆ ತಿರುಗಿ ಬರುತ್ತದಲ್ಲ, ಅದು.
ಎಳೆಯುವ ಎತ್ತೂ ನಮ್ಮದಲ್ಲವೇನೋ,
ಯಾರೋ ಬೆಳಗಿನ ಜಾವ ಕಟ್ಟಿ ಹೋದದ್ದು.

ಆದರೂ ನಲವತ್ತು ಕೆ.ಜಿ. ನಲವತ್ತು ಕೆ.ಜಿ.ಯೇ.
ಇವತ್ತಿನ ರೇಟಿನಲ್ಲಿ ಕಟ್ಟಿ, ಮೇಲಷ್ಟು ಸೇರಿಸಿ
ಕೊಪ್ಪದ ಬಸ್ಸು ಹತ್ತಿದೆ.
ಬೊಮ್ಮಯ್ಯ ತೀರಿಕೊಂಡು ಹನ್ನೊಂದು ವರ್ಷ.
ಸೊಸೆ ಪೂರ್ತಿ ಕೇಳಿದಳು, ಕೈಯಲ್ಲಿ ಸೊಪ್ಪು ಬಿಡಿಸುತ್ತಲೇ.
ದುಡ್ಡು ಜಗಲಿಯ ಮೇಲಿತ್ತು, ಗಾಳಿಗೆ ಹಾರದಂತೆ
ಅದರ ಮೇಲೊಂದು ಕಲ್ಲು ಇಟ್ಟಳು.
ಕ್ಷಮಿಸಿದೆ ಅನ್ನಲಿಲ್ಲ, ಬೈಯಲಿಲ್ಲ.
"ಬಸ್ಸಿಗಿನ್ನೂ ಹೊತ್ತದೆ, ಉಂಡ್ಕೊಂಡ್ ಹೋಗು" ಅಂದಳು.

ಮುದ್ದೆ ಅಂಗೈಗಿಂತ ದೊಡ್ಡದಿತ್ತು.
ಕೈ ತೊಳೆದು ಕೂತೆ.