ಕಲ್ಲು, ಅಂದ ಮಾವ

ಬೆಳಗಿನ ಜಾವ, ಮೈನಸ್ ಹದಿನೆಂಟು.
ಅಲಿಚೂರಿನ ಬಯಲು ಮುಗಿದಲ್ಲಿ ಜೀಪೂ ಮುಗಿಯಿತು.
ಅಲ್ಲಿಂದ ಮುಂದೆ ಮುಕ್ಕಾಲಿ ನನ್ನ ಬೆನ್ನಿಗೆ,
ದೊಡ್ಡ ದುರ್ಬೀನು ಸೋದರಮಾವ ಸತಾರ್‌ಕುಲನ ಕೋಟಿನೊಳಗೆ,
ಮೊಲೆಗೂಸಿನ ಹಾಗೆ ಬೆಚ್ಚಗೆ.
ಗಾಜಿಗೆ ಚಳಿ ಹಿಡಿದರೆ ಉಸಿರು ಬಂದು ಕೂರುತ್ತದೆ.

ಹಿಂದೆ ಲೋಥಾರ್, ಬವೇರಿಯಾದ ಹಲ್ಲಿನ ಡಾಕ್ಟರು,
ಹೆಜ್ಜೆಗೊಮ್ಮೆ ನಿಂತು ಪಾಮಿರಿನಲ್ಲಿ ಇಲ್ಲದ ಗಾಳಿ ಹುಡುಕುತ್ತ,
ನನ್ನ ಕೈಗೊಂದು ಚೂರು ಚಾಕಲೇಟು ಇಡುತ್ತ.
ಕೆಟ್ಟವನಲ್ಲ. ಇಂಥವರು ಕಟ್ಟಿದ ದುಡ್ಡಿನಲ್ಲೇ
ನಮ್ಮೂರ ಶಾಲೆಗೆ ಈ ವರ್ಷ ಕಬ್ಬಿಣದ ಒಲೆ ಬಂತು.

ಬಂಡೆಯ ಮರೆಗೆ ಹೊಟ್ಟೆಯಡಿಯಾಗಿ ಮಲಗಿದೆವು.
ಎದುರಿನ ಇಳಿಜಾರು ಮೂರು ಕಿಲೋಮೀಟರು ಆಚೆ,
ಬರಿಗಣ್ಣಿಗೆ ಒಂದು ಹಳೇ ಕಂಬಳಿ,
ಅಲ್ಲಲ್ಲಿ ಹಿಮದ ತೇಪೆ.

"ಪ್ರಾಣಿ ಹುಡುಕಬೇಡ"
ನನ್ನ ಒಂಬತ್ತನೇ ವಯಸ್ಸಿಗೆ ಮಾವ ಹೇಳಿದ ಮೊದಲ ಪಾಠ.
"ಹುಡುಕಿದರೆ ಎಲ್ಲ ಕಲ್ಲಿಗೂ ಕೊಂಬು ಬರುತ್ತೆ.
ತಪ್ಪು ಹುಡುಕು. ನಿಂತ ಗೆರೆಗಳ ನಡುವೆ ಮಲಗಿದ್ದೊಂದು ಗೆರೆ,
ಬಿಸಿಲಿನ ಲೆಕ್ಕಕ್ಕೆ ಸಿಗದ ನೆರಳು.
ಬಲದಿಂದ ಎಡಕ್ಕೆ ಬಾ. ಎಡದಿಂದ ಹೊರಟರೆ ಕಣ್ಣು
ಓದಿದ ಹಾಗೆ ಓಡಿಬಿಡುತ್ತೆ.
ಇನ್ನೊಂದು ಕಣ್ಣು ಮುಚ್ಚಬೇಡ, ಟೊಪ್ಪಿ ಅಡ್ಡ ಹಿಡಿ.
ಅಂಗೈಯಷ್ಟು ಜಾಗ ನೋಡು. ಸಾಕಾಯ್ತು ಅನಿಸಿದ ಮೇಲೆ
ಮತ್ತೆ ಅಷ್ಟೇ ಹೊತ್ತು ನೋಡು."
ಎರಡನೇ ಪಾಠ: ಗಾಳಿಗೆ ಎದುರಾಗಿ ಚಹಾ ಸುರಿಯಬೇಡ.

ಸಣ್ಣ ದುರ್ಬೀನಿನಲ್ಲಿ ಗುಡ್ಡವನ್ನು ಹಸನು ಮಾಡುತ್ತ ಹೋದೆ.
ಅಕ್ಕಿಯಲ್ಲಿ ಕಲ್ಲು ಆರಿಸುವುದಲ್ಲ ಇದು,
ಕಲ್ಲಿನಲ್ಲಿ ಅಕ್ಕಿ.
ಅರ್ಕರ್ ಹೆಣ್ಣು ಹನ್ನೊಂದು. ಎಳೆ ಟಗರು ನಾಲ್ಕು.
ಪೆನ್ಸಿಲಿನಲ್ಲಿ ಬರೆದೆ, ಪೆನ್ನಿನ ಶಾಯಿ ಹೆಪ್ಪುಗಟ್ಟಿತ್ತು.

ಆಮೇಲೆ, ಕೊರಕಲಿನ ನೆತ್ತಿಯಲ್ಲಿ, ಒಂದು ತಪ್ಪು.
ಏನು ತಪ್ಪೆಂದು ಹೇಳಲಾರೆ. ಸುತ್ತಲ ಬಂಡೆಗಳೆಲ್ಲ
ಬಿದ್ದಿದ್ದವು. ಇದೊಂದು ಕೂತಿತ್ತು.
"ಮಾವ, ಎರಡನೇ ತೇಪೆಯ ಮೇಲೆ, ಒಂದು ಬೆರಳು ಎಡಕ್ಕೆ."

ಮಾವ ಮುಕ್ಕಾಲಿಯ ತಿರುಪು ಸಡಿಲಿಸಿ ದೊಡ್ಡ ಗಾಜು ಹೊರಳಿಸಿದ.
ಇಪ್ಪತ್ತು ಪಟ್ಟು. ನಲವತ್ತು.
ಫೋಕಸ್ ತಿರುಗಿಸುತ್ತಿದ್ದ ಬೆರಳು ಅಲ್ಲೇ ನಿಂತಿತು.
ಎಣಿಸಿದೆ, ಹದಿನೇಳು ಉಸಿರು.
ತನಗೆ ಬರುವ ಮೂವತ್ತು ಜರ್ಮನ್ ಮಾತಿನಲ್ಲಿ
ಒಂದನ್ನು ಆರಿಸಿ
"ಕಲ್ಲು," ಅಂದ.

ಲೋಥಾರನೂ ನೋಡಿದ. ಅಷ್ಟೊತ್ತಿಗೆ ಬಿಸಿಲೇರಿ
ಇಡೀ ಗುಡ್ಡ ನೀರಿನಡಿ ಇದ್ದ ಹಾಗೆ ನಡುಗುತ್ತಿತ್ತು.
ಕಲ್ಲೇ, ಅಂದ ಅವನೂ.

ಮಾವನ ಬಲಗಣ್ಣಿಗೆ ಪೊರೆ ಬಂದು ಎರಡು ಚಳಿಗಾಲ.
ಯಾರಿಗೂ ಹೇಳಿಲ್ಲ, ಹೇಳಿದರೆ ಕೆಲಸ ಹೋಗುತ್ತದೆ.
ನನಗೆ ಗೊತ್ತು: ಚಹಾ ಬಗ್ಗಿಸುವಾಗ
ಬಟ್ಟಲಿನ ಅಂಚಿಗೆ ಬೆರಳಿಟ್ಟು ನೋಡುತ್ತಾನೆ.

ಮಧ್ಯಾಹ್ನ ಅವರಿಬ್ಬರೂ ಪಕ್ಕದ ಕಣಿವೆಗೆ ಇಳಿದರು.
ಸಾಮಾನು ಕಟ್ಟಲು ನಾನು ಹಿಂದುಳಿದೆ.
ಮೋಡ ಕವಿದು ಗಾಳಿಯ ಕುದಿ ಆರಿತ್ತು.
ಮುಕ್ಕಾಲಿ ಇಟ್ಟಲ್ಲೇ ಇತ್ತು. ಕಣ್ಣಿಟ್ಟೆ.

ಕಲ್ಲು ಕಿವಿ ಕೊಡವಿತು.

ಒಂದೂವರೆ ಸುತ್ತಿನ ಕೊಂಬು, ಎಡದ ತುದಿ ಮುರಿದದ್ದು.
ಅದೇ. ನನ್ನ ಮೊದಲ ಎಣಿಕೆಯ ವರ್ಷ
"ಇದನ್ನು ಬರಿ, ಹೆಸರು ಮಾತ್ರ ಇಡಬೇಡ"
ಎಂದು ಮಾವನೇ ತೋರಿಸಿದ್ದು.
ಮೆಲುಕು ಹಾಕುತ್ತ ಸುಮ್ಮನೆ ನನ್ನ ಕಡೆ ನೋಡುತ್ತಿತ್ತು,
ಅಥವಾ ನನ್ನ ಹಿಂದಿನ ಹವಾಮಾನದ ಕಡೆ.

ರಾತ್ರಿ ಟೆರೆಸ್ಕೆನ್ ಬೇರಿನ ಬೆಂಕಿ, ಉಪ್ಪು ಚಹಾ.
ಲೋಥಾರ್ ಬೂಟು ಕಳಚದೆಯೇ ನಿದ್ದೆಹೋಗಿದ್ದ.
ಕೇಳಬೇಕೆಂದಿದ್ದೆ:
ಅಡ್ಡ ಬಂದದ್ದು ಪೊರೆಯೋ,
ನೀನು ಪೊರೆದದ್ದೋ?
ಮಾವ ಬಟ್ಟಲಿನ ಅಂಚಿಗೆ ಬೆರಳಿಟ್ಟು ಬಗ್ಗಿಸುತ್ತಿದ್ದ
ಒಂದು ಹನಿ ಚೆಲ್ಲದೆ.

ಪುಸ್ತಕ ತೆಗೆದೆ. ಹೆಣ್ಣು ಹನ್ನೊಂದು, ಎಳೆಯವು ನಾಲ್ಕು.
ಕೆಳಗೆ, ಪೆನ್ಸಿಲು ಒತ್ತದೆ, ಬರೆದೆ:
ಕಲ್ಲು, ಒಂದು.