ಬದಲಿ

ಕಾಲಿಗೆ ಪ್ಲಾಸ್ಟರು. ಡೊಂಬಿವಲಿ ಪೂರ್ವ,
ನಾಲ್ಕನೇ ಮಹಡಿ, ಲಿಫ್ಟಿಲ್ಲದ ಕಟ್ಟಡ.
ಕೆಳಗಿನ ಭಾನುಶಾಲಿ ಫೋನಿನಲ್ಲಿ ಹೇಳಿಬಿಟ್ಟ:
‘ಹುಡುಗ ಎರಡನೇ ಮಹಡಿವರೆಗೆ ಬರ್ತಾನೆ, ಬೆನ್,
ಮುಂದಿನದು ನೀವು ನೋಡಿಕೊಳ್ಳಿ.’
ಮುಂದಿನದು ಅಂದರೆ ಮೂವತ್ತಾರು ಮೆಟ್ಟಿಲು.
ನೋಡಿಕೊಂಡೆ, ಬಾಗಿಲಲ್ಲಿ ನಿಂತು.

ಎದುರು ಮನೆಯ ತೇಜಲ್ ಬಂದು
ಬಟ್ಟೆ ಒಣಹಾಕುವಷ್ಟು ಸಲೀಸಾಗಿ
ನನ್ನ ಫೋನಿನೊಳಗೆ ಮೂರು ಅಂಗಡಿ ತೆರೆದಿಟ್ಟು ಹೋದಳು.
ಹಸಿರೊಂದು, ನೀಲಿಯೊಂದು, ಕೆಂಪೊಂದು.
ಹಳೇ ಡೈರಿಯ ಕೊನೇ ಪುಟಕ್ಕೆ ಗೆರೆ ಎಳೆದು
ಎರಡು ದಿನ ಲೆಕ್ಕ ಬರೆದೆ.

ಹಸಿರಿನಲ್ಲಿ ತೊಗರಿಬೇಳೆ ಒಂಬತ್ತು ರೂಪಾಯಿ ಅಗ್ಗ,
ಆದರೆ ಐನೂರು ಮುಟ್ಟದೆ ಗಾಡಿ ಹೊರಡದು.
ಒಂಟಿ ಹೆಂಗಸು ವಾರಕ್ಕೆ ಎಷ್ಟು ತಿಂದಾಳು?
ನಾನೂರ ಎಂಬತ್ತೆರಡಕ್ಕೆ ಬಂದು ನಿಂತು
ಇನ್ನು ಹದಿನೆಂಟು ರೂಪಾಯಿಯ ಹಸಿವನ್ನು
ಮನೆಯೆಲ್ಲ ಹುಡುಕಿದೆ.

ನೀಲಿಯಲ್ಲಿ ಕುಚ್ಚಲಕ್ಕಿ ಎಂದು ಬರೆದರೆ
ಬಾಸ್ಮತಿ ತೋರಿಸಿತು, ಆಮೇಲೆ ಅಕ್ಕಿಹಿಟ್ಟು,
ಆಮೇಲೆ ಯಾಕೋ ಕೂದಲಿಗೆ ಹಚ್ಚುವ ಅಕ್ಕಿನೀರು.
ಬಸಳೆಗೆ ಮಾಯಾಳು ಎಂದೆ, ಪೋಯಿ ಎಂದೆ.
ನಲವತ್ತು ವರ್ಷ ಈ ಊರಿನ ಮಾರ್ಕೆಟ್ಟಿನಲ್ಲಿ
ಬೆರಳು ತೋರಿಸಿ ಕೊಂಡವಳು ನಾನು.
ಇಲ್ಲೂ ಬೆರಳೇ ಬೇಕು,
ತೋರಿಸಲು ಮಾತ್ರ ಎದುರಿಗೆ ಏನೂ ಇಲ್ಲ.

ಕೆಂಪು ತುಟ್ಟಿ. ತಲುಪಿಸಲು ಇಪ್ಪತ್ತೊಂಬತ್ತು,
ಚೀಲಕ್ಕೆ ಏಳು, ‘ನಿರ್ವಹಣೆ’ಗೆ ಐದು.
ಯಾರನ್ನು ನಿರ್ವಹಿಸುತ್ತಾರೋ.

ಕೊನೆಗೆ ಮೂವರದ್ದೂ ಒಂದೇ ಪ್ರಶ್ನೆ:
ಕೇಳಿದ ಸಾಮಾನು ಇಲ್ಲದಿದ್ದರೆ ಬದಲಿ ಕಳಿಸಬಹುದೇ?
ಹಸಿರು ಕೇಳುವ ಶಾಸ್ತ್ರ ಮಾಡಿ ತನಗೆ ತೋಚಿದ್ದು ಕಳಿಸುತ್ತದಂತೆ,
ತೇಜಲ್ ಮನೆಗೆ ಹುಣಸೆಹಣ್ಣಿನ ಜಾಗದಲ್ಲಿ ವಿನೆಗರ್ ಬಂದಿತ್ತು.
ನೀಲಿ ಏನೂ ಹೇಳದೆ ಹಣ ಹಿಂದಕ್ಕೆ ಹಾಕುತ್ತದೆ.
ಕೆಂಪಿನಲ್ಲಿ ಮಾತ್ರ
ಗೋದಾಮಿನೊಳಗಿಂದ ಯಾರೋ ಒಬ್ಬರು
ಫೋನ್ ಮಾಡಿ ಕೇಳುತ್ತಾರೆ.

ಬದಲಿ.
ನಮ್ಮ ಮನೆಯಲ್ಲೇ ಉಂಡು ಬೆಳೆದ ಪದ ಇದು.
ಅಪ್ಪನ ಅಂಗಿ ಜೇಬಿನಲ್ಲಿ ಬದಲಿ ಕಾರ್ಡು,
ಮೂಲೆ ಸವೆದದ್ದು, ಬೆವರಿಗೆ ಶಾಯಿ ಹರಡಿದ್ದು.
ಲೋವರ್ ಪರೇಲಿನ ಗಿರಣಿ ಗೇಟಿನಲ್ಲಿ
ಬೆಳಗಿನ ಭೋಂಗಾ ಕೂಗುವ ಮುಂಚೆ
ಅವನಂಥವರು ಎಪ್ಪತ್ತು ಜನ.
ಒಳಗಿನ ಯಾರಿಗಾದರೂ ಜ್ವರ ಬಂದಿರಬೇಕು,
ಯಾರದೋ ಊರಲ್ಲಿ ಮದುವೆಯೋ ಸಾವೋ ಆಗಿರಬೇಕು,
ಆಗ ಜಾಬರ್ ಗದ್ದ ಎತ್ತಿ ತೋರಿಸುತ್ತಿದ್ದ: ನೀನು.
ಆವತ್ತು ಸಂಜೆಯವರೆಗೆ ಅಪ್ಪ
ಧೋಂಡಿಬಾ ಶಿರ್ಕೆಯ ಮಗ್ಗದ ಮುಂದೆ
ಧೋಂಡಿಬಾ ಶಿರ್ಕೆ.
ಇನ್ನೊಬ್ಬರ ಜ್ವರ ಹಾರೈಸಬಾರದೆಂದು
ಅಮ್ಮ ದೀಪ ಹಚ್ಚಿ ಏನೂ ಬೇಡುತ್ತಿರಲಿಲ್ಲ,
ದೇವರ ಮುಂದೆ ಸುಮ್ಮನೆ ನಿಂತು ಬರುತ್ತಿದ್ದಳು.

ಕೆಂಪನ್ನೇ ಒತ್ತಿದೆ.
‘ಆಂಟೀ, ಅದು ತುಟ್ಟಿ’ ಅಂದಳು ತೇಜಲ್.
‘ಕೇಳುತ್ತಾರಲ್ಲ’ ಅಂದೆ.
ಅವಳು ನನ್ನ ಪ್ಲಾಸ್ಟರನ್ನೊಮ್ಮೆ ನೋಡಿ ಸುಮ್ಮನಾದಳು.

ಉತ್ತರಗಳನ್ನು ಜೋಡಿಸಿಟ್ಟುಕೊಂಡು ಕೂತೆ:
ತೊಂಡೆಕಾಯಿ ಇಲ್ಲವೇ, ಪಡವಲ ಕೊಡಮ್ಮ.
ಮೊಸರು ಯಾವುದಾದರೂ ಸರಿ, ಸಿಹಿಯದು ಬೇಡ.
ಬ್ಯಾಡಗಿ ಇಲ್ಲದಿದ್ದರೆ ಬಿಟ್ಟುಬಿಡು,
ಬ್ಯಾಡಗಿಗೆ ಬದಲಿ ಅಂತ ಇಲ್ಲ.
ನೀನು ಊಟ ಮಾಡಿದೆಯಾ, ನಿನ್ನ ಪಾಳಿ ಎಷ್ಟಕ್ಕೆ ಬಿಡುತ್ತೆ
(ಇದು ಪಟ್ಟಿಯಲ್ಲಿರಲಿಲ್ಲ).
ತೊಡೆಯ ಮೇಲೆ ಫೋನು. ಐದೂವರೆ. ಆರು.
ರಿಂಗಾಗಲಿಲ್ಲ.

ಏಳಕ್ಕೆ ಹತ್ತು ನಿಮಿಷವಿರುವಾಗ ಬೆಲ್ಲು.
ಏದುಸಿರಿನ ಹುಡುಗ, ಎರಡು ಚೀಲ,
ಹೆಲ್ಮೆಟ್ ಹಾಕಿಕೊಂಡೇ ನಾಲ್ಕು ಮಹಡಿ ಹತ್ತಿದ್ದ.
ನೀರು ಬೇಕಾ ಅನ್ನುವುದರೊಳಗೆ ಇಳಿದೂ ಆಗಿತ್ತು.

ಮೇಜಿನ ಮೇಲೆ ಸುರಿದು ಒಂದೊಂದಕ್ಕೂ ಗುರುತು ಹಾಕಿದೆ.
ತೊಂಡೆ, ಮೊಸರು, ಬ್ಯಾಡಗಿ, ಕಾಯಿ ಎರಡು,
ಕುಚ್ಚಲಕ್ಕಿ ಕೂಡ.
ಎಲ್ಲ ಹಾಜರು.
ಖುಷಿಪಡಬೇಕಾದ ಸಂಗತಿಯೇ.

ಗೇಟಿನಿಂದ ಎಂಟು ಗಂಟೆಗೇ ಹಿಂದಿರುಗಿದ ದಿನ
ಅಪ್ಪನನ್ನು ಅಮ್ಮ ಏನೂ ಕೇಳುತ್ತಿರಲಿಲ್ಲ.
ಅವನೇ ಚಾಳಿನ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಹೇಳುತ್ತಿದ್ದ:
‘ಇವತ್ತು ಎಲ್ಲರೂ ಬಂದಿದ್ದಾರೆ.
ಯಾರಿಗೂ ಏನೂ ಆಗಿಲ್ಲ.’